ಸುರ್ಮಾ ಅಂಗಡಿಯ ಪರವಾನಗಿ ಯಾರ ಹೆಸರಿಗೆ?

ಮನೆಯ ಯಜಮಾನ ತೀರಿಕೊಂಡರೆ ಏನೇನು ಕೆಲಸ ಮೈಮೇಲೆ ಬೀಳುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಮಣ್ಣು ಮಾಡಬೇಕು, ಬಂದವರಿಗೆ ಊಟ ಹಾಕಬೇಕು, ಅಳುವವರನ್ನು ಸಮಾಧಾನ ಮಾಡಬೇಕು. ತಾನು ಅಳಲು ಮಾತ್ರ ಹೊತ್ತು ಹುಡುಕಬೇಕು. ಇಷ್ಟರ ನಡುವೆ ಅಂಗಡಿಯ ಪರವಾನಗಿಯನ್ನು ನೆನೆಯುವವರು ಯಾರು? ಹುಸ್ನಾರಾಳ ಮನೆಯಲ್ಲೂ ಯಾರೂ ನೆನೆಯಲಿಲ್ಲ.

ಇಂಗ್ಲೆಂಡಿನ ಉತ್ತರದಲ್ಲಿ, ಮುಚ್ಚಿಹೋದ ಹತ್ತಿ ಗಿರಣಿಗಳ ಊರೊಂದರಲ್ಲಿ, ಕಾಲುವೆ ಸೇತುವೆಯ ಪಕ್ಕ ಅವರ ಅಂಗಡಿ. ಕೂತು ತಿನ್ನುವ ಹೋಟೆಲಲ್ಲ, ಕಟ್ಟಿಸಿಕೊಂಡು ಹೋಗುವ ಅಂಗಡಿ. ಬಾಂಗ್ಲಾದೇಶದ ಸಿಲೆಟ್ ಕಡೆಯ ತಮ್ಮ ಹಳ್ಳಿಯ ಮುಂದೆ ಹರಿಯುವ ಹೊಳೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದರು: ಸುರ್ಮಾ. ಕೆಳಗೆ ಅಂಗಡಿ, ಮೇಲೆ ಮನೆ.

ಹಗಲಿನ ವ್ಯಾಪಾರ ಗ್ಯಾಸಿನ ಖರ್ಚಿಗೂ ಸಾಲುತ್ತಿರಲಿಲ್ಲ. ಶುಕ್ರವಾರ, ಶನಿವಾರ ರಾತ್ರಿ ಪಬ್‌ಗಳು ಬಾಗಿಲು ಹಾಕಿ, ಜನ ಹಸಿದುಕೊಂಡು ಸಾರು, ನಾನ್, ಚಿಪ್ಸ್ ಎಂದು ಬರುವಾಗಲೇ ಆ ಮನೆಯ ಅನ್ನ ಹುಟ್ಟುತ್ತಿದ್ದದ್ದು. ಅಲ್ಲಿ ರಾತ್ರಿ ಹನ್ನೊಂದರ ಮೇಲೆ ಬಿಸಿ ಊಟ ಮಾರಬೇಕಾದರೆ ಊರಿನ ಆಡಳಿತ ನೋಡುವ ಕೌನ್ಸಿಲ್‌ನ ಪರವಾನಗಿ ಬೇಕು. ಅದು ಗಲ್ಲಾದ ಹಿಂದೆ ಗಾಜಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಅದರ ಮೇಲಿದ್ದ ಹೆಸರು ತೊಫಜ್ಜುಲ್ ಮಿಯಾ. ಹುಸ್ನಾರಾಳ ಗಂಡ.

ತೊಫಜ್ಜುಲ್ ಎದೆ ಹಿಡಿದುಕೊಂಡು ಕುಸಿದು ಎರಡು ವಾರವಾಗಿತ್ತು. ಹುಸ್ನಾರಾ ಇದ್ದತ್ ಹಿಡಿದಿದ್ದಳು. ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳ ಮೇಲೆ ಹತ್ತು ದಿನ ಹೊಸಿಲು ದಾಟದೆ ಕಳೆಯುವ ಪದ್ಧತಿ ಅದು. ಅಂಗಡಿಯನ್ನು ಮೈದುನ ಅಂಗುರ್ ನಡೆಸುತ್ತಿದ್ದ. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅತ್ತೆ ಕರಿಮುನ್ನೆಸಾ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ತಸ್ಬೀಹ್ ಜಪಮಣಿ ಎಣಿಸುತ್ತ ಕೂತಿರುತ್ತಿದ್ದಳು. ಹುಸ್ನಾರಾ ಮಾತ್ರ ಕೆಳಗಿನ ಸದ್ದಿಗೆ ಕಿವಿ ಕೊಟ್ಟು ಮಲಗುತ್ತಿದ್ದಳು. ಬಾಣಲೆ ಚುರ್ ಅಂದರೆ ಸಾಕು, ಗಂಡನೇ ಕೆಳಗೆ ಇದ್ದಾರೇನೋ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಗುಲ್ಶೆನ್ ಮೆಟ್ಟಿಲು ಹತ್ತಿ ಬಂದಳು. ಎದುರು ಕಬಾಬ್ ಅಂಗಡಿಯ ತುರ್ಕಿ ಹೆಂಗಸು, ದೊಡ್ಡ ದನಿ, ದೊಡ್ಡ ನಗು. ಸಾವಾದರೆ ಹಲ್ವಾ ಮಾಡಿ ಹಂಚುವುದು ಅವರ ಕಡೆಯ ರೂಢಿ. ತಟ್ಟೆ ತುಂಬ ರವೆ ಹಲ್ವಾ ತಂದಿದ್ದಳು.

"ತಿನ್ನು ತಂಗಿ. ಅಳೋದಕ್ಕೂ ಮೈಯಲ್ಲಿ ಶಕ್ತಿ ಬೇಕು."

ಹುಸ್ನಾರಾ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಗುಲ್ಶೆನ್ ಅವಳ ಕೈ ಹಿಡಿದುಕೊಂಡೇ ಕೇಳಿದಳು. "ಒಂದು ಮಾತು, ತಪ್ಪು ತಿಳ್ಕೋಬೇಡ. ಕೆಳಗೆ ಗೋಡೆ ಮೇಲಿರೋ ಪರವಾನಗಿ ಇನ್ನೂ ತೊಫಜ್ಜುಲ್ ಭಾಯಿ ಹೆಸರಲ್ಲೇ ಇದೆಯಲ್ಲ?"

ಚಹಾ ಕುಡಿಯಲು ಮೇಲೆ ಬಂದಿದ್ದ ಅಂಗುರ್ ಬಾಯಿ ಹಾಕಿದ. "ಮತ್ತೆ ಯಾರ ಹೆಸರಲ್ಲಿರಬೇಕು, ನಿಮ್ಮ ಹೆಸರಲ್ಲಾ?"

"ನನ್ನದು ನನಗಿದೆ ಕಣೋ. ಹೆಸರಿನವರು ಹೋದ್ರೆ ಪರವಾನಗಿನೂ ಅವರ ಜೊತೆಗೇ ಹೋಗತ್ತೆ. ಇಪ್ಪತ್ತೆಂಟು ದಿನದೊಳಗೆ ಬೇರೆಯವರ ಹೆಸರಿಗೆ ಮಾಡ್ಕೊಡಿ ಅಂತ ಅರ್ಜಿ ಹಾಕಿದ್ರೆ ಅದಕ್ಕೆ ಮತ್ತೆ ಜೀವ ಬರತ್ತೆ. ತಡ ಆಯ್ತೋ, ಎಲ್ಲ ಮೊದಲಿಂದ. ಬಾಗಿಲಿಗೆ ನೋಟಿಸ್ ಅಂಟಿಸು, ಪೇಪರಲ್ಲಿ ಹಾಕಿಸು, ಯಾರಾದ್ರೂ ತಕರಾರು ಮಾಡಿದ್ರೆ ಹೋಗಿ ಉತ್ತರ ಕೊಡು."

"ಬಾಗಿಲಲ್ಲಿ ಹಸಿರು ಚೀಟಿ ಇದೆಯಲ್ಲ! ಐದಕ್ಕೆ ಐದು. ನಿಮ್ಮದು ನಾಲ್ಕೋ ಏನೋ."

"ಅದು ಅಡುಗೆಮನೆ ಚೊಕ್ಕಟಕ್ಕೆ ಕೊಟ್ಟಿದ್ದು. ಇದು ರಾತ್ರಿ ಹೊತ್ತು ಮಾರೋದಕ್ಕೆ. ಅದಿದ್ರೆ ಇದಿದ್ದ ಹಾಗಲ್ಲ." ಗುಲ್ಶೆನ್ ನಗಲಿಲ್ಲ. "ನಾನು ನನ್ನ ಅಂಗಡಿ ಕೊಂಡಾಗ ಗೋಡೆ ಮೇಲೆ ಹಳೇ ಯಜಮಾನನ ಪರವಾನಗಿ ಇತ್ತು. ಗೋಡೆ ನಂದಾದ್ರೆ ಪರವಾನಗಿನೂ ನಂದೇ ಅಂದ್ಕೊಂಡೆ. ಆ ಬೇಸಿಗೆ ಪೂರ್ತಿ ಹನ್ನೊಂದಕ್ಕೆ ಬಾಗಿಲು ಹಾಕ್ಕೊಂಡು, ಇಲ್ಲಿಗೆ ಬರೋ ನಿಮ್ಮ ಗಿರಾಕೀನ ಕಿಟಕೀಲಿ ನೋಡ್ತಾ ಕೂತಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು."

ಅವಳು ಇಳಿದು ಹೋದದ್ದೇ ತಡ, ಅಂಗುರ್ ಶುರುಮಾಡಿದ. "ನೋಡಿದ್ರಾ ಭಾಬಿ? ನಾವು ಹನ್ನೊಂದಕ್ಕೆ ಬಾಗಿಲು ಹಾಕಿದ್ರೆ ಜನ ಎಲ್ಲಿಗೆ ಹೋಗ್ತಾರೆ? ರಸ್ತೆ ದಾಟಿದ್ರೆ ಅವಳ ಅಂಗಡಿ. ಹೊಟ್ಟೆಕಿಚ್ಚನ್ನ ಹಲ್ವಾದಲ್ಲಿ ಸುತ್ತಿ ತಂದುಕೊಟ್ಲು."

"ಅರ್ಜಿ ಹಾಕು ಅಂದ್ರು, ಬಾಗಿಲು ಹಾಕು ಅನ್ನಲಿಲ್ಲ," ಎಂದಳು ಹುಸ್ನಾರಾ.

ಕರಿಮುನ್ನೆಸಾಳ ಬೆರಳು ತಸ್ಬೀಹಿನ ಮೇಲೆ ನಿಂತಿತು. "ಯಾವ ಅರ್ಜಿನೂ ಬೇಡ. ಆ ಗೋಡೆ ಮೇಲೆ ನನ್ನ ಮಗನ ಹೆಸರಿದೆ. ಅದನ್ನ ಇಳಿಸಿದ್ರೆ ಅವನನ್ನ ಎರಡನೇ ಸಲ ಮಣ್ಣು ಮಾಡಿದ ಹಾಗೆ. ನಾನಿರೋವರೆಗೂ ಅದು ಅಲ್ಲೇ ಇರತ್ತೆ."

ನಿಜ ಹೇಳಬೇಕೆಂದರೆ, ಹುಸ್ನಾರಾಳಿಗೂ ಆ ಹೆಸರು ಅಲ್ಲೇ ಇರಲಿ ಅನ್ನಿಸಿತ್ತು. ಅವರ ಅಂಗಿಗಳನ್ನು ಮಸೀದಿಗೆ ಕೊಟ್ಟಾಗಿತ್ತು. ಫೋನಿನ ಸಂಪರ್ಕ ತೆಗೆಸಿಯಾಗಿತ್ತು. ಅವರು ಇನ್ನೂ ಯಜಮಾನರಾಗಿದ್ದದ್ದು ಆ ಚೌಕಟ್ಟಿನೊಳಗೆ ಮಾತ್ರ. ಆದರೆ ಅಂಗಡಿಯೇ ಕೈಬಿಟ್ಟು ಹೋದರೆ? ಬಾಡಿಗೆ ಎಲ್ಲಿಂದ, ಅತ್ತೆಯ ಔಷಧಿ ಎಲ್ಲಿಂದ?

ಅಂಗುರ್ ತನ್ನದೇ ಒಂದು ಉಪಾಯ ಕಂಡುಕೊಂಡ. "ಹನ್ನೊಂದಕ್ಕೆ ಸರಿಯಾಗಿ ಒಲೆ ಆರಿಸ್ತೀನಿ ಭಾಬಿ. ಮೊದಲೇ ಮಾಡಿ ಬಿಸಿ ಪೆಟ್ಟಿಗೇಲಿ ಇಟ್ಟಿದ್ದನ್ನ ಕಟ್ಟಿ ಕೊಡೋದು. ಆಮೇಲೆ ಬರೀ ಚಹಾ. ಅಡುಗೇನೇ ಮಾಡ್ದಿದ್ರೆ ಯಾರು ಏನಂತಾರೆ?"

ಮೂಗು ಮುಚ್ಚಿಕೊಂಡರೆ ವಾಸನೆ ಹೋಗುತ್ತದೆಯೇ? ಆದರೂ ಆ ವಾರ ಹಾಗೆಯೇ ನಡೆಯಿತು.

ಮುಂದಿನ ವಾರ, ಅಂಗುರ್ ಸಂಜೆಗೆಂದು ಈರುಳ್ಳಿ ಹೆಚ್ಚುತ್ತಿದ್ದಾಗ, ಕೌನ್ಸಿಲ್‌ನ ಪರವಾನಗಿ ಅಧಿಕಾರಿ ಬಂದಳು. ಹೆಸರು ಲೊರೇನ್, ಮಳೆಕೋಟು ತೊಟ್ಟ ಐವತ್ತರ ಹೆಂಗಸು. ಆ ಬೀದಿಯ ರಾತ್ರಿ ಅಂಗಡಿಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬರುತ್ತಿದ್ದಳು. ಮೇಲೆ ಮೆಟ್ಟಿಲ ಬಾಗಿಲು ತೆರೆದೇ ಇತ್ತು. ಹುಸ್ನಾರಾಳಿಗೆ ಪ್ರತಿ ಮಾತೂ ಕೇಳಿಸುತ್ತಿತ್ತು.

"ಹನ್ನೊಂದರ ಮೇಲೂ ತೆರೆದಿರ್ತೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅಂಗುರ್ ಹಾಗೆ ಮಾಡಿದ. "ಒಲೆ ಆರಿಸಿರ್ತೀವಿ ಮೇಡಂ! ಬರೀ ಬಿಸಿ ಪೆಟ್ಟಿಗೆ. ಚಹಾ."

"ಕೈಗೆ ಕೊಡುವಾಗ ಬಿಸಿ ಇದ್ದರೆ ಅದು ಬಿಸಿ ಊಟವೇ ಅಪ್ಪ. ಯಾವಾಗ ಬೇಯಿಸಿದ್ರಿ ಅನ್ನೋದು ಲೆಕ್ಕಕ್ಕಿಲ್ಲ. ಚಹಾನೂ ಅದರಲ್ಲೇ ಬಂತು. ಅದಿರಲಿ, ಪರವಾನಗಿ ಇದೆಯಲ್ಲ. ತೊಫಜ್ಜುಲ್ ಮಿಯಾ ಅಂದ್ರೆ ನೀವೇನಾ?"

"ನಮ್ಮಣ್ಣ."

"ಅವರನ್ನ ಸ್ವಲ್ಪ ಕರೀತೀರಾ?"

ಕೆಳಗಿನಿಂದ ಅಂಗುರ್‌ನ ದನಿ ಕೇಳಿತು, ಎಂದಿಗಿಂತ ಸಣ್ಣಗೆ. "ಅವನು... ಊರಿಗೆ ಹೋಗಿದಾನೆ. ಬಾಂಗ್ಲಾದೇಶಕ್ಕೆ."

"ಯಾವಾಗ ಬರ್ತಾರೆ?"

"ಬರ್ತಾನೆ. ಬೇಗ ಬರ್ತಾನೆ."

ಹುಸ್ನಾರಾಳಿಗೆ ಆ ಮಾತನ್ನು ಸಹಿಸಲಾಗಲಿಲ್ಲ. ಬೇಗ ಬರ್ತಾನೆ! ಈ ಮೂರು ವಾರ ಅವಳ ಮನಸ್ಸು ಬೆಳಗಿನ ಜಾವ ಅವಳಿಗೆ ಹೇಳುತ್ತಿದ್ದ ಸುಳ್ಳು ಅದೇ. ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮೈ ಉರಿದುಹೋಯಿತು. ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು.

"ಎಲ್ಲಿಗೆ?" ಎಂದಳು ಅತ್ತೆ. "ಇದ್ದತ್ತಲ್ಲಿರೋಳು ನೀನು."

"ಮೆಟ್ಟಿಲು ಮನೆಯೊಳಗೇ ಇದೆ ಅಮ್ಮಾ."

ಅವಳು ಇಳಿದು ಬಂದು ಗಲ್ಲಾದ ಪಕ್ಕ ನಿಂತಳು. ಗಂಡ ನಿಲ್ಲುತ್ತಿದ್ದ ಜಾಗ.

"ನನ್ನ ಗಂಡ ಊರಿಗೆ ಹೋಗಿಲ್ಲ ಮೇಡಂ. ತೀರಿಕೊಂಡರು. ಗುಡ್ಡದ ಮೇಲಿನ ಕಬರಸ್ತಾನದಲ್ಲಿದ್ದಾರೆ. ಇವನು ಹೆದರಿ ಹಾಗಂದ."

ಅಂಗುರ್ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು. ಈರುಳ್ಳಿಯದಲ್ಲ.

ಲೊರೇನ್ ಪುಸ್ತಕ ಮುಚ್ಚಿದಳು. "ದೇವರು ನಿಮಗೆ ಸಮಾಧಾನ ಕೊಡಲಿ ಅಮ್ಮಾ. ಯಾವತ್ತು ಹೋದರು?" ಹುಸ್ನಾರಾ ಹೇಳಿದಳು. ಲೊರೇನ್ ಬೆರಳು ಮಡಿಸಿ ಲೆಕ್ಕ ಹಾಕಿದಳು. "ನಿಜ ಹೇಳಿದ್ದು ಒಳ್ಳೇದಾಯ್ತು. ಅರ್ಜಿ ಹಾಕೋದಕ್ಕೆ ಇನ್ನೂ ಒಂದು ವಾರ ಇದೆ. ಬಾಯಿಮುಚ್ಚಿಕೊಂಡು ಇದ್ದಿದ್ರೆ ನಾನು ಮುಂದಿನ ಸಲ ಕೋರ್ಟಿನ ಕಾಗದ ಹಿಡ್ಕೊಂಡು ಬರಬೇಕಾಗ್ತಿತ್ತು. ಪರವಾನಗಿ ಇಲ್ಲದೆ ಮಾರಿದ್ದು ಒಂದು ತಪ್ಪು, ಅಧಿಕಾರಿ ಹತ್ತಿರ ಸುಳ್ಳು ಹೇಳಿದ್ದು ಇನ್ನೊಂದು. ಈ ಸಲ ಎಚ್ಚರಿಕೆ ಕೊಟ್ಟು ಬಿಡ್ತೀನಿ. ಇವತ್ತಿಂದ ಅರ್ಜಿ ಸೇರೋವರೆಗೂ ಹನ್ನೊಂದರ ಮೇಲೆ ಬಿಸಿ ಊಟ ಇಲ್ಲ, ಚಹಾನೂ ಇಲ್ಲ."

"ಅದಕ್ಕೆ ನಾನು ಕಚೇರಿಗೆ ಬರಬೇಕಾ? ನಾನು ಹೊರಗೆ ಹೋಗೋ ಹಾಗಿಲ್ಲ."

"ಬೇಕಿಲ್ಲ. ಮನೇಲೇ ಕೂತು ಕಂಪ್ಯೂಟರಲ್ಲಿ ತುಂಬಬಹುದು. ಸೇರಿದ ಗಳಿಗೆಯಿಂದಲೇ ಜಾರಿಗೆ ಬರಲಿ ಅಂತ ಅದರಲ್ಲೇ ಕೇಳ್ಕೊಳ್ಳಿ. ಒಂದು ಪ್ರತಿ ಪೊಲೀಸರಿಗೆ ಹೋಗತ್ತೆ, ಅಷ್ಟೇ."

ಆಗ ಮೆಟ್ಟಿಲ ಮೇಲಿಂದ ಮುದುಕಿಯ ದನಿ ಬಂತು. ಕರಿಮುನ್ನೆಸಾ ಗೋಡೆ ಹಿಡಿದುಕೊಂಡು ಅರ್ಧ ಇಳಿದಿದ್ದಳು. "ಕೇಳು ಅವಳನ್ನ. ಕಾಗದದ ಮೇಲೆ ಯಾರ ಹೆಸರಿದ್ರೆ ಇವಳಿಗೇನಂತೆ? ಊಟ ಅದೇ ಊಟ ಅಲ್ವಾ?"

ಹುಸ್ನಾರಾ ಅದನ್ನು ಲೊರೇನ್‌ಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಲೊರೇನ್ ಮುದುಕಿಯ ಕಡೆ ತಿರುಗಿದಳು. "ಅಜ್ಜಿ, ಸರಿರಾತ್ರಿ ನಿಮ್ಮ ಬಾಗಿಲಲ್ಲಿ ಕುಡಿದವರು ಹೊಡೆದಾಡಿದ್ರೆ, ಬೀದಿ ತುಂಬ ಕಸ ಬಿದ್ರೆ, ಪಕ್ಕದ ಮನೆ ಕೂಸಿನ ನಿದ್ದೆ ಕೆಟ್ರೆ, ಬಂದು ಕೇಳೋದಕ್ಕೆ ನಮಗೊಂದು ಹೆಸರು ಬೇಕು. ಉತ್ತರ ಕೊಡೋರ ಹೆಸರು. ಅದಕ್ಕೇ ಪರವಾನಗಿ."

ಹುಸ್ನಾರಾ ಆ ಮಾತನ್ನು ಅತ್ತೆಗೆ ತಮ್ಮ ಸಿಲೆಟಿ ಮಾತಿನಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಯಿತು. "ಅಮ್ಮಾ, ನಾಳೆ ಇಲ್ಲೊಂದು ಗಲಾಟೆ ಆದ್ರೆ ಕೂಗೋದು ನಿಮ್ಮ ಮಗನ ಹೆಸರನ್ನೇ. ಇದ್ದಷ್ಟು ದಿನ ಎಲ್ಲರಿಗೂ ಅವರೇ ಉತ್ತರ ಕೊಟ್ರು. ಕಬರಿನಲ್ಲಿರೋರನ್ನ ಮತ್ತೆ ಅಂಗಡಿಗೆ ಎಳೆಯೋದು ಬೇಡ. ಇನ್ಮೇಲೆ ನಾನು ಕೊಡ್ತೀನಿ ಉತ್ತರ."

ಮುದುಕಿ ಮೆಟ್ಟಿಲ ಮೇಲೆಯೇ ಕೂತುಕೊಂಡಳು. "ಅವಳಿಗೊಂದು ಲೋಟ ಚಹಾ ಕೊಡೋ ಅಂಗುರ್. ಇನ್ನೂ ಹನ್ನೊಂದಾಗಿಲ್ಲ."

ನಡೆದದ್ದೆಲ್ಲ ತಿಳಿದು ಸಂಜೆ ಗುಲ್ಶೆನ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತಳು. ಯಾರ ಹೆಸರು ಎಂಬ ಪ್ರಶ್ನೆ ಬಂದಾಗ ಅಂಗುರ್ ತಾನಾಗಿ ಹೇಳಿದ. "ಭಾಬಿ ಹೆಸರೇ ಹಾಕಿ ಆಪಾ. ಉತ್ತರ ಕೊಡೋರು ಬೇಕಂತೆ. ನನ್ನ ಉತ್ತರ ಎಲ್ಲರೂ ಕೇಳಿದಾರಲ್ಲ."

"ಅಣ್ಣನನ್ನ ಬಾಂಗ್ಲಾದೇಶಕ್ಕೆ ಕಳಿಸಿದ ನಿನ್ನ ಉತ್ತರಕ್ಕೆ ಪಾಸ್‌ಪೋರ್ಟ್ ಬೇರೆ ಬೇಕಾಗ್ತಿತ್ತು," ಎಂದಳು ಗುಲ್ಶೆನ್. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು. ಹುಸ್ನಾರಾ ಒಂದೊಂದೇ ಅಕ್ಷರ ಒತ್ತಿ ತನ್ನ ಹೆಸರನ್ನು ತಾನೇ ತುಂಬಿದಳು.

ಅರ್ಜಿ ಸೇರಿತು ಎಂದು ಕೌನ್ಸಿಲ್‌ನಿಂದ ಉತ್ತರ ಬರುವವರೆಗೂ ಸುರ್ಮಾ ಹನ್ನೊಂದಕ್ಕೇ ಬಾಗಿಲು ಹಾಕಿತು. ಆಮೇಲೆ ಬಂದ ಗಿರಾಕಿಗಳಿಗೆ ಗುಲ್ಶೆನ್, "ಇವತ್ತು ನನ್ನ ಕಬಾಬ್ ತಿಂದ್ಕೊಳ್ಳಿ, ಶುಕ್ರವಾರ ಅವರ ಸಾರು ನಿಮಗೆ ಸಿಗತ್ತೆ" ಎಂದು ಹೇಳಿ ಕಳಿಸುತ್ತಿದ್ದಳಂತೆ. ಅದನ್ನು ಕೇಳಿದ ದಿನ ಅಂಗುರ್ ಒಂದು ಡಬ್ಬಿ ಮಾಂಸದ ಸಾರು ಹಿಡಿದು, ಹೊಟ್ಟೆಕಿಚ್ಚಿನ ಮಾತೆಲ್ಲ ನುಂಗಿಕೊಂಡು, ರಸ್ತೆ ದಾಟಿ ಹೋದ.

ಶುಕ್ರವಾರ ಸುರ್ಮಾ ಮತ್ತೆ ರಾತ್ರಿಯ ವ್ಯಾಪಾರಕ್ಕೆ ತೆರೆಯಿತು. ಕೆಲವು ದಿನಗಳ ಮೇಲೆ ಹೊಸ ಪರವಾನಗಿಯೂ ಬಂತು. ಅಂಗುರ್ ಹಳೆಯ ಚೌಕಟ್ಟನ್ನು ಮೊಳೆಯಿಂದ ಇಳಿಸಿ, ಅದನ್ನು ಏನು ಮಾಡುವುದೆಂದು ತಿಳಿಯದೆ ಎದೆಗೆ ಒತ್ತಿ ಹಿಡಿದು ನಿಂತ. ಕರಿಮುನ್ನೆಸಾ ಕೈ ಚಾಚಿದಳು. ಗಾಜಿನ ಮೇಲಿನ ಎಣ್ಣೆ ಜಿಡ್ಡನ್ನು ಸೆರಗಿನಿಂದ ಒರೆಸಿದಳು.

"ಮೇಲೆ ತಗೊಂಡು ಹೋಗಿ ನನ್ನ ಮಂಚದ ಪಕ್ಕ ಇಡು. ಇಷ್ಟು ವರ್ಷ ಅಂಗಡಿ ಅಂಗಡಿ ಅಂತ ಒಂದು ರಾತ್ರಿನೂ ಹೊತ್ತಿಗೆ ಸರಿಯಾಗಿ ಮನೆಗೆ ಬರಲಿಲ್ಲ ನನ್ನ ಮಗ. ಇನ್ನಾದ್ರೂ ರಾತ್ರಿ ಹೊತ್ತು ಮನೇಲಿರ್ಲಿ."

ಇದನ್ನು ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮ, ನಿಮ್ಮದು ದೂರದ ಊರಿನ ಅಂಗಡಿಯಲ್ಲ, ಸರಿ. ಬಸ್ ನಿಲ್ದಾಣದ ಎದುರಿನ ಎಗ್ ರೈಸ್ ಗಾಡಿ ಇರಬಹುದು, ರಾತ್ರಿಯ ದೋಸೆ ಅಂಗಡಿ ಇರಬಹುದು, ಪರೋಟ ಕಟ್ಟಿ ಕೊಡುವ ಸಣ್ಣ ಹೋಟೆಲ್ ಇರಬಹುದು. ನಿಯಮ, ಗಡುವು, ಹೊತ್ತು ಊರಿಂದೂರಿಗೆ ಬೇರೆ. ನಿಮ್ಮ ಊರಿನದು ಏನೆಂದು ನಿಮ್ಮ ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಹೋಗಿ ಕೇಳಿ. ಕೇಳಿದರೆ ಯಾರೂ ದಂಡ ಹಾಕುವುದಿಲ್ಲ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಇವತ್ತೇ ಎದ್ದು ಹೋಗಿ ನಿಮ್ಮ ಗೋಡೆಯ ಮೇಲಿನ ಪರವಾನಗಿಯಲ್ಲಿ ಯಾರ ಹೆಸರಿದೆ ಎಂದು ಓದಿ. ಯಾರಾದರೂ ಬಂದು ಆ ಹೆಸರು ಹಿಡಿದು ಕರೆದರೆ, "ಇದ್ದೀನಿ, ಹೇಳಿ" ಅನ್ನುವವರು ಮನೆಯಲ್ಲಿದ್ದಾರೆಯೇ? ಇಲ್ಲದಿದ್ದರೆ, ದುಃಖ ಎಷ್ಟೇ ಇರಲಿ, ಆ ಕೆಲಸವನ್ನು ನಾಳೆಗೆ ಇಡಬೇಡಿ. ಹೋದವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಪರವಾನಗಿಯಲ್ಲಿ ಬದುಕಿರುವವರ ಹೆಸರು ಇರಲಿ.