ವಕೀಲರ ಮತ ಎದುರಾಳಿಗೆ

ಎರಡು ಸಲ ಸೋತ ಮೇಲೂ ನನ್ನ ಗಂಡ ಲಿಯಾಂಡರ್ ಕ್ರಚರ್ ವಕೀಲರಿಗೆ ಬುದ್ಧಿ ಬರಲಿಲ್ಲ. ಮತ್ತೆ ಕೆಂಟಕಿಯ ಶಾಸನಸಭೆಗೆ ನಿಂತರು. ಈ ಸಲ ಅವರು ಗೆಲ್ಲಲೇಬೇಕೆಂದು ಅವರಿಗಿಂತ ಹೆಚ್ಚಾಗಿ ನಾನು ದೇವರಿಗೆ ಮೊರೆಯಿಟ್ಟಿದ್ದೆ. ಗೆದ್ದರೆ ಚಳಿಗಾಲವಿಡೀ ರಾಜಧಾನಿಯಲ್ಲಿ ಭಾಷಣ ಬಿಗಿಯುತ್ತಾರೆ. ಸೋತರೆ ಅದೇ ಭಾಷಣ ಮನೆಯಲ್ಲಿ, ಒಲೆಯ ಮುಂದೆ, ನನ್ನೊಬ್ಬಳ ಎದುರು. ಹಿಂದಿನ ಸಲ ಅದನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು.

ನಮ್ಮಲ್ಲಿ ಮತವೆಂದರೆ ಗುಟ್ಟಿನ ವ್ಯವಹಾರವಲ್ಲ. ಕೋರ್ಟಿನ ಮುಂದೆ ಮತ ಬರೆದುಕೊಳ್ಳುವ ಗುಮಾಸ್ತನ ಪಕ್ಕದಲ್ಲೇ ಅಭ್ಯರ್ಥಿಗಳು ಕೂತಿರುತ್ತಾರೆ. ಗಂಡಸರು ವಿಸ್ಕಿ ಏರಿಸಿಕೊಂಡು ಬಂದು ಬೇಕಾದವರ ಹೆಸರು ಕೂಗುತ್ತಾರೆ. ಆ ಹೆಸರಿನವನು ಎದ್ದು ತಲೆಬಾಗಿ "ಉಪಕಾರವಾಯ್ತು" ಎನ್ನಬೇಕು. ಇನ್ನೊಂದು ಮರ್ಯಾದೆಯೂ ಉಂಟು: ಅಭ್ಯರ್ಥಿ ತನ್ನ ಮತವನ್ನು ಎದುರಾಳಿಗೇ ಹಾಕಬೇಕು. ತನಗೆ ತಾನೇ ಹಾಕಿಕೊಂಡವನು ಅಯೋಗ್ಯ.

ಹೊರಡುವಾಗಲೇ ಬಡಕೊಂಡಿದ್ದೆ. "ರೀ, ನಿಮ್ಮ ಎದುರು ನಿಂತಿರೋ ಆ ಪೋಗ್ ಎಂಥ ಖದೀಮ ಅಂತ ಗೊತ್ತಲ್ಲ? ಸುಮ್ನೆ ನಿಮ್ಮ ಹೆಸರು ನೀವೇ ಕೂಗ್ಬಿಡಿ."

"ಥೂ! ನಾನೇನು ಅವನ ಥರ ಹೇಸರಗತ್ತೆ ವ್ಯಾಪಾರಿನೇನೇ?"

ಸಂಜೆ ಗುಮಾಸ್ತ ಲೆಕ್ಕ ಹೇಳಿದ. ಇಬ್ಬರೂ ಸಮ ಸಮ. ಉಳಿದದ್ದು ಅವರಿಬ್ಬರ ಮತ ಮಾತ್ರ. ಹೆಂಗಸರಿಗೆ ಅಲ್ಲೇನು ಕೆಲಸ? ನಾನು ಗಾಡಿಯಲ್ಲೇ ಕೂತು ನೋಡುತ್ತಿದ್ದೆ. ನಮ್ಮವರು ಕೋಟು ಸರಿಮಾಡಿಕೊಂಡು ಎದ್ದರು.

"ಟಾರ್ಲ್ಟನ್ ಪೋಗ್!"

ಅಯ್ಯೋ ನನ್ನ ಕರ್ಮವೇ!

ಪೋಗ್ ಎದ್ದು ತಲೆಬಾಗಿದ. "ಉಪಕಾರವಾಯ್ತು, ವಕೀಲರೇ." ಆಮೇಲೆ ಕೂರದೆ, ಆಕಾಶ ನೋಡುತ್ತ ಕೂಗಿದ. "ಟಾರ್ಲ್ಟನ್ ಪೋಗ್!"

ಜನ ದಂಗಾಗಿ ನಿಂತರು. ಬೆಳಗಿನಿಂದ ಬಾಗಿ ಬಾಗಿ ಅಭ್ಯಾಸವಾಗಿತ್ತೇನೋ, ಆ ಪುಣ್ಯಾತ್ಮ ತನಗೆ ತಾನೇ ತಲೆಬಾಗಿ "ಉಪಕಾರವಾಯ್ತು" ಎಂದೂಬಿಟ್ಟ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೇನು, ಗೆದ್ದವನು ಅವನೇ.

"ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ!" ಎಂದು ದಾರಿಯುದ್ದಕ್ಕೂ ಬೈದೆ. ತಿರುಗಿ ನೋಡಿದರೆ ಅವರ ಗಲ್ಲ ನಡುಗುತ್ತಿತ್ತು. ಬೈಯುವುದನ್ನು ಅಲ್ಲಿಗೇ ನಿಲ್ಲಿಸಿದೆ.

ಮನೆ ಬಾಗಿಲಲ್ಲಿ ಕೇಳಿದರು. "ನಿಂಗೆ ಮತ ಇದ್ದಿದ್ರೆ ಯಾರಿಗೆ ಹಾಕ್ತಿದ್ದೆ?"

"ನಿಮಗೇರೀ. ಇನ್ಯಾರಿಗೆ?"

ಅವರು ಹ್ಯಾಟು ತೆಗೆದು, ಸೊಂಟದವರೆಗೆ ಬಾಗಿ, "ಉಪಕಾರವಾಯ್ತು" ಎಂದರು. ಯಾಕೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಳಗೆ ಬಂದವರೇ ಒಲೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು.

"ಮಾನ್ಯ ಸಭಾಸದರೇ..."

ನಾನು ಕುರ್ಚಿ ಎಳೆದುಕೊಂಡು ಕೂತೆ.