ಕುಂಡದ ತಳ ನೋಡುವ ದೊಡ್ಡಮ್ಮ

ನನ್ನ ದೊಡ್ಡಮ್ಮ ಯಾವ ಪಾತ್ರೆಯನ್ನೂ ಮೊದಲು ನೆಟ್ಟಗೆ ನೋಡಿದವರಲ್ಲ. ಹೂದಾನಿಯಾಗಲಿ, ಹೂಜಿಯಾಗಲಿ, ಚಹಾದ ಬಟ್ಟಲಾಗಲಿ, ಕೈಗೆ ಬಂದೊಡನೆ ಅದನ್ನು ತಲೆಕೆಳಗು ಮಾಡಿ, ತಳವನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಅಂಚನ್ನೊಮ್ಮೆ ಸವರಿ, ಆಮೇಲೆ ಮನಸ್ಸಾದರೆ ಅದರ ಮುಖದ ಕಡೆ ಕಣ್ಣು ಹಾಯಿಸುವರು. ಈ ಅಭ್ಯಾಸದಿಂದ ನಮ್ಮ ಬಂಧುವರ್ಗದಲ್ಲಿ ಆಗಿರುವ ಅನಾಹುತಗಳು ಒಂದೆರಡಲ್ಲ. ನನ್ನ ಓರಗಿತ್ತಿ ಹೊಸದಾಗಿ ಕೊಂಡ ಪಿಂಗಾಣಿ ಡಬ್ಬಿಯೊಂದನ್ನು ಅಭಿಮಾನದಿಂದ ಮುಂದೆ ಇಟ್ಟಾಗ, ಅದರ ತುಂಬ ಸಕ್ಕರೆಯಿದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಮೇಜಿನ ಮೇಲೆ ಬೆಳ್ಳಗೆ ಗುಡ್ಡ ಬಿದ್ದಿತು. ಮನೆಮಂದಿಯೆಲ್ಲ ಸಕ್ಕರೆಯನ್ನೇ ನೋಡುತ್ತ ಕೂತಿದ್ದೆವು. ದೊಡ್ಡಮ್ಮ ಮಾತ್ರ ಡಬ್ಬಿಯ ತಳದಿಂದ ಕಣ್ಣು ಕೀಳದೆ, “ಒಳ್ಳೆ ಕಡೆ ತಗೊಂಡಿದ್ದೀಯ ಕಣೆ, ಪಾದ ಸಮವಾಗಿದೆ” ಎಂದರು. ಪಕ್ಕದಲ್ಲಿದ್ದ ದೊಡ್ಡಪ್ಪ, “ಪುಣ್ಯಕ್ಕೆ ಮದುವೆಗೆ ಮುಂಚೆ ನಾನು ಇವಳ ಕೈಗೆ ಸಿಗಲಿಲ್ಲ” ಎಂದು ಮೆಲ್ಲಗೆ ಹೇಳಿ ಚಮಚದಿಂದ ಸಕ್ಕರೆ ಒಟ್ಟುಮಾಡತೊಡಗಿದರು.

ಅವರ ಉದ್ಯೋಗವೇ ಅವರನ್ನು ಹಾಗೆ ರೂಪಿಸಿತ್ತು. ಗಿಡ, ಗೊಬ್ಬರ, ಹೂಕುಂಡ ಮಾರುವ ಆರು ದೊಡ್ಡ ಮಳಿಗೆಗಳ ಯಜಮಾನರೊಬ್ಬರಲ್ಲಿ ಅವರು ಇಪ್ಪತ್ತೇಳು ವರ್ಷಗಳಿಂದ ಕುಂಡಗಳನ್ನು ಸಗಟಾಗಿ ಆರಿಸುವ ಕೆಲಸದಲ್ಲಿದ್ದರು. ಜನ ಮಳಿಗೆಗೆ ಬಂದು, ಸಾಲಾಗಿ ಜೋಡಿಸಿದ ಕೆಂಪು, ಬೂದು, ಹಸುರು ಕುಂಡಗಳ ನಡುವೆ ನಿಂತು “ಇದು ಚೆಂದ, ಅದು ಚೆಂದ” ಎಂದು ಹಿಗ್ಗುವ ಮುನ್ನ, ಆ ಪ್ರತಿಯೊಂದು ಆಕಾರವೂ ದೊಡ್ಡಮ್ಮನ ಕೈಯಲ್ಲಿ ಒಮ್ಮೆ ಮಗುಚಿ ಬಿದ್ದು ಪಾಸಾಗಿ ಬಂದಿರುತ್ತಿತ್ತು. ಕುಂಡಗಳ ಇಕ್ಕಟ್ಟಾದ ಸಾಲುಗಳ ನಡುವೆ ವರ್ಷಗಟ್ಟಲೆ ಓಡಾಡಿದ್ದರಿಂದ ಅವರ ನಡಿಗೆಗೇ ಒಂದು ಓರೆ ಬಂದಿತ್ತು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎಡಭುಜವನ್ನು ಮುಂದೆ ಮಾಡಿ, ಯಾವುದಕ್ಕೋ ತಗಲದಂತೆ ಜಾಗರೂಕತೆಯಿಂದ ಹೆಜ್ಜೆಯಿಡುವರು. ಒಂದು ನರಪಿಳ್ಳೆಯೂ ಇಲ್ಲದ ವಿಶಾಲವಾದ ಬೀದಿಯಲ್ಲೂ ಅದೇ ನಡಿಗೆ. ಬೇಸಗೆಯಲ್ಲೂ ಬಿಡದೆ ತೊಡುತ್ತಿದ್ದ ಬೂದುಬಣ್ಣದ ಕೋಟಿನ ಜೇಬುಗಳು ಅಳತೆಪಟ್ಟಿ, ಸೀಮೆಸುಣ್ಣ, ನೀರಿನ ಪುಟ್ಟ ಸೀಸೆಗಳ ಭಾರಕ್ಕೆ ಜೋತುಬಿದ್ದು, ಇನ್ನೆರಡು ಹೊಟ್ಟೆಗಳಂತೆ ಅವರೊಡನೆ ತೂಗಾಡುತ್ತಿದ್ದವು. ಸೀಸೆಯ ನೀರು ಕುಡಿಯಲಿಕ್ಕಲ್ಲ. ಕುಂಡದ ಮೈಮೇಲೆ ನಾಲ್ಕು ಹನಿ ಬಿಟ್ಟು, ಮಣ್ಣು ಅದನ್ನು ಎಷ್ಟು ಬೇಗ ಹೀರುತ್ತದೆ ಎಂದು ನೋಡಲಿಕ್ಕೆ.

ಸೌಂದರ್ಯದ ವಿಷಯದಲ್ಲಿ ಅವರು ನಿಷ್ಠುರರೆಂದು ಹೇಳಲಾರೆ. ಸೌಂದರ್ಯವನ್ನು ಸರತಿಯಲ್ಲಿ ಕೊನೆಗೆ ನಿಲ್ಲಿಸುವವರು, ಅಷ್ಟೆ. ಮಿರಿಮಿರಿ ಮಿಂಚುವ ಚಿತ್ರಪುಸ್ತಕ ಹಿಡಿದು ಬಂದ ವ್ಯಾಪಾರಿಯೊಬ್ಬ ಅರ್ಧ ಗಂಟೆ ವರ್ಣಿಸಿದ ಮೇಲೆ, “ಎಲ್ಲಾ ಸರಿ, ಚಿತ್ರಕ್ಕೆ ತಳ ಎಲ್ಲಿದೆ?” ಎಂದು ಕೇಳಿ ಕಳುಹಿಸಿಬಿಟ್ಟಿದ್ದರು. ಇನ್ನೊಮ್ಮೆ ಯಜಮಾನರು, ಹೊಟ್ಟೆ ದೊಡ್ಡದಾಗಿ ಕೊರಳು ಸಣ್ಣದಾಗಿರುವ ನೀಲಿ ಕುಂಡಗಳಿಗೆ ಮನಸೋತು ಸಾವಿರ ತರಿಸಲು ಹೊರಟಾಗ, ದೊಡ್ಡಮ್ಮ ವಾದ ಮಾಡಲಿಲ್ಲ. ಒಂದನ್ನು ಮಾತ್ರ ತರಿಸಿ, ಅದರಲ್ಲೊಂದು ಗಿಡ ನೆಟ್ಟು, ಒಂದು ವರ್ಷ ಬೆಳೆಸಿ, ಯಜಮಾನರ ಮೇಜಿನ ಮೇಲೆ ತಂದಿಟ್ಟು, “ಬೇರು ತುಂಬಿದೆ. ದೊಡ್ಡ ಕುಂಡಕ್ಕೆ ಬದಲಾಯಿಸಬೇಕು. ಸ್ವಲ್ಪ ಹೊರಗೆ ತೆಗೆದುಕೊಡಿ” ಎಂದರು. ಅಂಗಿಯ ತೋಳು ಮಡಚಿಕೊಂಡು ಹೆಣಗಾಡಿದ ಯಜಮಾನರು, ಗಿಡ ಕಡಿಯಬೇಕು ಇಲ್ಲವೇ ಕುಂಡ ಒಡೆಯಬೇಕು ಎಂಬ ಸ್ಥಿತಿಗೆ ಬಂದು ಕೈಚೆಲ್ಲಿದರು. ಆ ಸಾವಿರ ಕುಂಡಗಳ ಮಾತು ಮತ್ತೆ ಬರಲಿಲ್ಲ.

ಅವರ ಆಯ್ಕೆಯ ಹಿಂದೆ ಯಾವಾಗಲೂ ಕಣ್ಣಿಗೆ ಕಾಣದ ಒಬ್ಬ ಮನುಷ್ಯ ಇರುತ್ತಿದ್ದ. ಅಗಲಬಾಯಿಯ ತೊಟ್ಟಿಯನ್ನು ಎರಡೂ ತೋಳುಗಳಿಂದ ತಬ್ಬಿ ಎತ್ತಿ, ಏದುಸಿರು ಬಿಡುತ್ತ, “ಮೂರನೇ ಮಹಡೀಲಿರೋ ಒಬ್ಬ ಅಜ್ಜಿ ಇದನ್ನ ಬಿಸಿಲಿಂದ ನೆರಳಿಗೆ ಎತ್ತಿಡಬೇಕು ಅಂದ್ರೆ ಆಗುತ್ತಾ?” ಎಂದು ನನ್ನನ್ನು ಕೇಳುವರು. ನಾನು ಉತ್ತರ ಕೊಡುವ ಮೊದಲೇ, “ಆಗಲ್ಲ” ಎಂದು ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದುಬಿಡುವರು.

ಇಂಥವರು ಮೂರು ದಿನ ಕೋಟು ತೊಡದೆ ಮನೆಯಲ್ಲಿ ಕೂತಿದ್ದಾರೆ ಎಂದು ದೊಡ್ಡಪ್ಪ ಫೋನು ಮಾಡಿದಾಗ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಟೆ.

ನಡೆದದ್ದು ಇಷ್ಟು. ಎರಡು ವರ್ಷಗಳ ಹಿಂದೆ ಒಂದು ಹೆರಿಗೆ ಆಸ್ಪತ್ರೆಯವರು ತಮ್ಮ ಉದ್ದನೆಯ ಮೊಗಸಾಲೆಗೂ ಮೆಟ್ಟಿಲ ಸಾಲಿಗೂ ಎಂಬತ್ತು ಮಣ್ಣಿನ ಕುಂಡಗಳನ್ನು ಕೊಂಡಿದ್ದರು. ಆರಿಸಿದವರು ದೊಡ್ಡಮ್ಮ, ಮಾಡಿಕೊಟ್ಟವರು, ಅವರು ಇಪ್ಪತ್ತು ವರ್ಷಗಳಿಂದ ನೆಚ್ಚಿಕೊಂಡಿದ್ದ ಹಿರಿಯ ಕುಂಬಾರರು. ಈಗ ಒಂದು ಬೆಳಗ್ಗೆ, ಮೆಟ್ಟಿಲ ತುದಿಯಲ್ಲಿದ್ದ ಕುಂಡಕ್ಕೆ ದಾದಿಯೊಬ್ಬಳು ಬರಿದೇ ಕೈಯೂರಿದ್ದೇ ತಡ, ಅದರ ಒಂದು ಮಗ್ಗುಲು ಹಪ್ಪಳದಂತೆ ಪುಡಿಯಾಗಿ, ಮಿಕ್ಕದ್ದು ಮಣ್ಣುಸಮೇತ ಉರುಳಿ ಕೆಳಗಿನ ತಿರುವಿಗೆ ಬಿತ್ತು. ದಿನ ತುಂಬಿದ ಹೆಂಗಸೊಬ್ಬಳು ಆ ತಿರುವನ್ನು ದಾಟಿ ನಾಲ್ಕು ಹೆಜ್ಜೆ ಹೋಗಿದ್ದಳು. ಯಾರಿಗೂ ಗಾಯವಾಗಲಿಲ್ಲ. ಉಳಿದ ಕುಂಡಗಳನ್ನು ನೋಡಿದರೆ ಹೆಚ್ಚಿನವು ಮೈಯೆಲ್ಲ ಬೆಳ್ಳಗೆ ಹುರುಪೆಯೆದ್ದು, ಉಗುರಿನಿಂದ ಕೆರೆದರೆ ಪದರ ಪದರವಾಗಿ ಉದುರುತ್ತಿದ್ದವು.

ಆಸ್ಪತ್ರೆಯ ಪತ್ರ ಓದಿದ ಯಜಮಾನರು, ಕುಂಬಾರರು ಕುಂಡಗಳನ್ನು ಅರೆಬರೆ ಸುಟ್ಟಿದ್ದಾರೆ, ದೊಡ್ಡಮ್ಮ ಗಮನಿಸದೆ ಒಪ್ಪಿದ್ದಾರೆ ಎಂದು ನಿಶ್ಚಯಿಸಿಬಿಟ್ಟರು. ಆ ವರ್ಷದ ಇಡೀ ಸರಕಿಗೆ ಪ್ಲಾಸ್ಟಿಕ್ ಕುಂಡಗಳವರನ್ನು ಕರೆಸುವುದೆಂದು ಮಾತಾಯಿತು. ಕುಂಬಾರರ ಅಂಗಳದಲ್ಲಾದರೋ ಹನ್ನೆರಡು ಮನೆಯವರು ಮೂರು ತಿಂಗಳು ತಟ್ಟಿ, ತಿರುಗಿಸಿ, ಒಣಗಿಸಿದ ಕುಂಡಗಳು ಆವಿಗೆಯೊಳಗೆ ಪೇರಿಕೊಂಡು ಕೂತಿದ್ದವು. ಬೆಂಕಿ ಹಾಕುವುದೊಂದೇ ಬಾಕಿ. ತಗೊಳ್ಳುವವರು ಇಲ್ಲವೆಂದ ಮೇಲೆ ಸುಡುವುದು ಯಾರಿಗಾಗಿ?

ನಾನು ಹೋದಾಗ ದೊಡ್ಡಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

“ಮುಟ್ಟಿದ್ರೆ ಗೊತ್ತಾಗ್ತಿತ್ತು ಕಣೆ ನಂಗೆ, ಬೆಂದಿದೆಯೋ ಇಲ್ವೋ ಅಂತ,” ಎಂದರು. “ಕೈಗೆ ವಯಸ್ಸಾಯ್ತೇನೋ. ನಾಲ್ಕು ಹೆಜ್ಜೆ ನೋಡು. ಆ ಹುಡುಗಿ ನಾಲ್ಕು ಹೆಜ್ಜೆ ನಿಧಾನ ಆಗಿದ್ರೆ?”

“ಆ ಕುಂಡಗಳನ್ನ ನೀವು ಹೋಗಿ ನೋಡಿದ್ರಾ ದೊಡ್ಡಮ್ಮ?”

“ಯಾವ ಮುಖ ಹೊತ್ಕೊಂಡು ಹೋಗಲಿ?”

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಒಳಗೆ ಹೋಗಿ ಕೋಟು ತಂದು ಅವರ ಮಡಿಲಿಗೆ ಹಾಕಿದರು. “ಕಾಣದೇ ಇರೋದರ ಬಗ್ಗೆ ತೀರ್ಪು ಕೊಡೋಳಲ್ಲ ನೀನು. ಈಗ ಯಾಕೆ ಶುರು ಮಾಡಿದೆ?” ಎಂದರು. ಅಷ್ಟು ವರ್ಷಗಳಲ್ಲಿ ಅವರು ಹೆಂಡತಿಯ ವೃತ್ತಿಯ ವಿಷಯದಲ್ಲಿ ತಮಾಷೆ ಬಿಟ್ಟು ಆಡಿದ ಮಾತು ನಾನು ಕೇಳಿದ್ದು ಅದೊಂದೇ.

ಆಸ್ಪತ್ರೆಯ ಹಿತ್ತಿಲಿನಲ್ಲಿ ಕುಂಡಗಳನ್ನು ಎಸೆಯಲೆಂದು ರಾಶಿ ಹಾಕಿದ್ದರು. ಮೇಲ್ವಿಚಾರಕಿ ಬಿಗುವಾದ ಮುಖದಿಂದಲೇ ನಮ್ಮನ್ನು ಕರೆದೊಯ್ದು ತೋರಿಸಿದರು. ದೊಡ್ಡಮ್ಮ ಹತ್ತಿರದ ಕುಂಡವನ್ನು ಮಣ್ಣು, ಗಿಡ ಎಲ್ಲದರ ಸಮೇತ ನೆಲಕ್ಕೆ ಬೋರಲು ಹಾಕಿದರು. ಕಪ್ಪಗೆ ಕೊಳೆತ ಬೇರಿನ ಹುಳಿವಾಸನೆ ಮೂಗಿಗೆ ಹೊಡೆಯಿತು. ಬರಿದಾದ ಕುಂಡದೊಳಗೆ ಕೈಹಾಕಿ ತಡವಿದರು. ನೀರು ಬಸಿದುಹೋಗಲು ತಳದಲ್ಲಿದ್ದ ತೂತಿಗೆ ಒಳಗಿನಿಂದ ಸಿಮೆಂಟು ಮೆತ್ತಿತ್ತು.

ಎರಡನೆಯದರಲ್ಲೂ ಮೆತ್ತಿತ್ತು, ಮೂರನೆಯದರಲ್ಲೂ. ನಾನು ಸೆರಗು ಸಿಕ್ಕಿಸಿಕೊಂಡು ಕೈಜೋಡಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೆರಡು ಕುಂಡಗಳನ್ನು ಬೋರಲು ಹಾಕಿದ್ದೆವು. ಎಪ್ಪತ್ತೆರಡಕ್ಕೂ ತಳದ ತೂತು ಕಟ್ಟಿತ್ತು. ಉರುಳಿ ಒಡೆದದ್ದರ ಚೂರುಗಳನ್ನು ಹುಡುಕಿ ತೆಗೆದರೆ ಅದರ ತಳವೂ ಹಾಗೆಯೇ. ಎಂಬತ್ತರಲ್ಲಿ ಉಳಿದ ಏಳು ಎಲ್ಲೆಂದು ಕೇಳಿದಾಗ ಮೇಲ್ವಿಚಾರಕಿ ತೋಟದ ಮೂಲೆ ತೋರಿಸಿದರು. ಮೊಗಸಾಲೆಯಲ್ಲಿ ಹಿಡಿಸಲಿಲ್ಲವೆಂದು ಬರಿಯ ನೆಲದ ಮೇಲೆ ಇಟ್ಟಿದ್ದ ಆ ಏಳಕ್ಕೆ ಯಾರೂ ಸಿಮೆಂಟು ಹಾಕುವ ಗೋಜಿಗೆ ಹೋಗಿರಲಿಲ್ಲ. ಅದೇ ಆವಿಗೆಯ, ಅದೇ ದಿನದ ಕುಂಡಗಳು. ಮೈತುಂಬ ಹಸುರು ಪಾಚಿ ಹೊದ್ದು, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಖಣಿಲ್ ಎನ್ನುತ್ತಿದ್ದವು. ದೊಡ್ಡಮ್ಮ ಅವುಗಳಲ್ಲೊಂದರ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕುಸಿದು ಕೂತು, ಅದರ ಅಂಚಿಗೆ ಹಣೆಯಿಟ್ಟು, ಬಹಳ ಹೊತ್ತು ಉಸಿರು ಬಿಟ್ಟರು. ಮೂರು ದಿನ ಒಳಗೆ ಕಟ್ಟಿಟ್ಟಿದ್ದ ಉಸಿರು ಅದು. ನಾನೂ ಪಕ್ಕದಲ್ಲಿ ಕೂತೆ.

ಮೇಲ್ವಿಚಾರಕಿಯ ಮುಖದ ಬಿಗುವೂ ಇಳಿದಿತ್ತು. “ಸಿಮೆಂಟು ನಾನೇ ಹಾಕ್ಸಿದ್ದು,” ಎಂದರು. “ನೀರು ಸೋರಿ ನೆಲ ಜಾರ್ತಿತ್ತು. ಬಸುರಿಯರು ಓಡಾಡೋ ಜಾಗ, ಯಾರಾದ್ರೂ ಬಿದ್ರೆ ಅನ್ನೋ ಭಯ. ಕುಂಡ ಹಾಳಾಗುತ್ತೆ ಅಂತ ಯಾರಿಗೆ ಗೊತ್ತು?”

ಬೇರೆ ಯಾರಾದರೂ ಆಗಿದ್ದರೆ ಆ ಗಳಿಗೆಯಲ್ಲಿ ಮೂರು ದಿನದ ಸಂಕಟವನ್ನೆಲ್ಲ ಆಕೆಯ ಮೇಲೆ ಸುರಿದುಬಿಡುತ್ತಿದ್ದರು. ದೊಡ್ಡಮ್ಮ ಆಕೆಯ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ನೀವು ಯೋಚನೆ ಮಾಡಿದ್ದು ಸರಿಯಾಗೇ ಇದೆಯಮ್ಮ. ಇಲ್ಲಿಯ ನೀರಲ್ಲಿ ಉಪ್ಪು ಜಾಸ್ತಿ. ಕೆಳಗೆ ದಾರಿ ಇಲ್ಲ ಅಂದ್ರೆ ನೀರು ಗೋಡೆಯಲ್ಲೇ ಬೆವರಬೇಕು. ನೀರು ಆರಿಹೋಗುತ್ತೆ, ಉಪ್ಪು ಅಲ್ಲೇ ಕೂತು ಮಣ್ಣನ್ನ ಒಳಗಿಂದ ಬಿಡಿಸುತ್ತೆ. ಅದು ನಿಮಗೆ ಗೊತ್ತಿರಬೇಕಾಗಿಲ್ಲ. ನಂಗೆ ಗೊತ್ತಿತ್ತು. ನಯವಾದ ನೆಲದ ಮೇಲೆ ಇಡ್ತಾರೆ ಅಂದ್ಮೇಲೆ ಪ್ರತಿ ಕುಂಡದ ಕೆಳಗೂ ಒಂದು ತಟ್ಟೆ ಆರಿಸಿ ಕೊಡಬೇಕಾಗಿತ್ತು. ಕುಂಡ ಯಾರಿಗೆ ಅಂತ ಕೇಳಿದ್ದೆ, ಎಲ್ಲಿಡ್ತೀರಿ ಅಂತ ಕೇಳಲಿಲ್ಲ.”

ಸುದ್ದಿ ತಿಳಿದು ಸಂಜೆಯೊಳಗೆ ಯಜಮಾನರು ತಾವೇ ಆಸ್ಪತ್ರೆಗೆ ಬಂದರು. ಸಿಮೆಂಟು ಮೆತ್ತಿದ ಒಂದು ಕುಂಡವನ್ನೂ ಪಾಚಿ ಹೊದ್ದ ಒಂದು ಕುಂಡವನ್ನೂ ಬಾರಿಬಾರಿಗೆ ತಟ್ಟಿ, ಎರಡರ ದನಿಯನ್ನೂ ಕೇಳಿಸಿಕೊಂಡು, ಕರವಸ್ತ್ರದಿಂದ ಕೈಯೊರೆಸುತ್ತ ನಿಂತರು.

“ಹಾಗಾದ್ರೆ ತಪ್ಪು ನಮ್ಮದಲ್ಲ,” ಎಂದರು. ಅವರ ಮುಖದಲ್ಲೂ ದೊಡ್ಡ ಹೊರೆ ಇಳಿದ ಕಳೆಯಿತ್ತು.

“ಮಣ್ಣಿಂದಲ್ಲ, ಬೆಂಕೀದಲ್ಲ,” ಎಂದರು ದೊಡ್ಡಮ್ಮ. “ತಟ್ಟೆ ಮರೆತಿದ್ದು ನಮ್ಮದೇ. ಪತ್ರದಲ್ಲಿ ಹಾಗೇ ಬರೀಬೇಕು. ಎಂಬತ್ತು ತಟ್ಟೆ, ಎಪ್ಪತ್ತಮೂರು ಹೊಸ ಕುಂಡ ನಾವೇ ಕಳಿಸಿಕೊಡಬೇಕು.”

ಯಜಮಾನರು ಏನೋ ಹೇಳಹೊರಟು, ನೀಲಿ ಕುಂಡದೊಡನೆ ತಾವು ಹೆಣಗಿದ್ದು ನೆನಪಾಯಿತೋ ಏನೋ, ನಕ್ಕುಬಿಟ್ಟರು. “ಬರೀತೀನಿ. ಮೊದಲು ಆ ಕುಂಬಾರರಿಗೊಂದು ಮಾತು ತಿಳಿಸಿ, ಪಾಪ.”

ಫೋನಿನಲ್ಲಿ ಹೇಳುವ ಸಂಗತಿಯಲ್ಲ ಇದು ಎಂದು ದೊಡ್ಡಮ್ಮ ಮರುದಿನ ಬೆಳಗ್ಗೆ ನನ್ನನ್ನೂ ಎಳೆದುಕೊಂಡು ಕುಂಬಾರರ ಅಂಗಳಕ್ಕೆ ಹೊರಟರು. ಅಲ್ಲಿ ಚಕ್ರಗಳೆಲ್ಲ ನಿಂತಿದ್ದವು. ಹಿರಿಯ ಕುಂಬಾರರು ಆವಿಗೆಯ ಮುಂದೆ, ಕೈಗಳನ್ನು ಮಂಡಿಯ ಮೇಲೆ ಚಾಚಿ ಕೂತಿದ್ದರು. ಕೆಲಸವಿಲ್ಲದಿದ್ದಾಗ ಕೈಯನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ತಮ್ಮನ್ನು ಕಂಡು ಏಳಲು ಹೋದವರನ್ನು ದೊಡ್ಡಮ್ಮ ತಡೆದು, ಕುಂಡದ ತೂತಿನಿಂದ ಕಿತ್ತು ತಂದಿದ್ದ ಸಿಮೆಂಟಿನ ಬಿಲ್ಲೆಯೊಂದನ್ನು ಅವರ ಅಂಗೈಯಲ್ಲಿಟ್ಟು, ಮೊದಲಿಂದ ಕೊನೆಯವರೆಗೆ ನಡೆದದ್ದನ್ನು ಹೇಳಿದರು. ಕುಂಬಾರರು ಬಿಲ್ಲೆಯನ್ನು ಎರಡು ಸಲ ಹೊರಳಿಸಿ ನೋಡಿದರು. ಸಂತೋಷವನ್ನಾಗಲಿ ಸಿಟ್ಟನ್ನಾಗಲಿ ತೋರಿಸಲಿಲ್ಲ. ಕೇಳಿದ್ದು ಒಂದೇ ಮಾತು.

“ಹಾಗಾದ್ರೆ ಬೆಂಕಿ ಹಾಕ್ಲಾ ಅಮ್ಮ?”

“ಹಾಕಿ. ಆಮೇಲೆ ಕುಂಡಕ್ಕೊಂದು ತಟ್ಟೆ ಮಾಡಿ.”

“ತಟ್ಟೆ ಮಾಡೋದು ಬೇಜಾರಿನ ಕೆಲಸ.”

“ಆರಿಸೋದೂ ಬೇಜಾರಿನ ಕೆಲಸವೇ. ಅದಕ್ಕೇ ಮರೆತಿದ್ದು.”

ಒಳಗಿನಿಂದ ಹೆಂಗಸರು ಸೌದೆಯ ಹೊರೆಗಳನ್ನು ತಂದರು. ಯಾರೋ ನಕ್ಕರು, ಇನ್ಯಾರೋ ನಮಗೆ ನೀರು ತಂದುಕೊಟ್ಟರು. ಆವಿಗೆಯ ಬಾಯಿಂದ ಮೊದಲ ಹೊಗೆ ತೆಳ್ಳಗೆ ಎದ್ದು, ಗಾಳಿಯಿಲ್ಲದ ಆಕಾಶಕ್ಕೆ ನೆಟ್ಟಗೆ ಏರುವುದನ್ನು ನಾವೆಲ್ಲ, ಅಂಥದ್ದನ್ನು ಎಂದೂ ನೋಡದವರಂತೆ, ನಿಂತು ನೋಡಿದೆವು.

ಮಾಡುವವರನ್ನು ಲೋಕ ಕಲಾವಿದರೆಂದು ಗೌರವಿಸುತ್ತದೆ. ಕೊಳ್ಳುವವರನ್ನು ರಸಿಕರೆಂದು ಓಲೈಸುತ್ತದೆ. ಇವರಿಬ್ಬರ ನಡುವೆ ನಿಂತು, ತಮ್ಮದಲ್ಲದ ಕೃತಿಯನ್ನು ತಮ್ಮದಲ್ಲದ ಮನೆಗಾಗಿ ಆರಿಸುವವರಿಗೆ ಹೆಸರೂ ಇಲ್ಲ, ಬಿರುದೂ ಇಲ್ಲ. ಎಲ್ಲ ಸರಿಯಿದ್ದಾಗ ಅವರು ಇದ್ದಾರೆಂಬುದೇ ಯಾರಿಗೂ ತಿಳಿಯದು. ಕೆಟ್ಟಾಗ ಮೊದಲು ನೆನಪಾಗುವವರು ಅವರೇ. ಆದರೂ ಮುಖವರಿಯದ ಯಾರದೋ ಸೊಂಟದ ನೋವನ್ನು, ಯಾರದೋ ಅಂಗಳದ ಬಿಸಿಲನ್ನು, ಯಾರೋ ಕಾಲಿಡಲಿರುವ ನೆಲದ ನುಣುಪನ್ನು ಮುಂಚಿತವಾಗಿ ಊಹಿಸಿಕೊಂಡು ಚಿಂತಿಸುವ ಇಂಥ ಕೆಲವರು ಎಲ್ಲ ಕಾಲದಲ್ಲೂ ಎಲ್ಲೋ ಒಂದು ಕಡೆ ಕೆಲಸದಲ್ಲಿರುತ್ತಾರೆ. ನಾವು ಮನೆಯ ವಸ್ತುಗಳನ್ನು ಎರಡನೆಯ ಯೋಚನೆಯಿಲ್ಲದೆ ನಂಬಿ, ಅವುಗಳ ಮೇಲೆ ಕೈಯೂರಿ, ಬೇರೆ ಮಾತಾಡುತ್ತ ಮೆಟ್ಟಿಲಿಳಿದು ಹೋಗುತ್ತೇವಲ್ಲ, ಆ ನಿಶ್ಚಿಂತೆ ನಮ್ಮ ಸ್ವಂತ ಸಂಪಾದನೆಯಲ್ಲ. ಇಂಥವರು ನಮಗಾಗಿ ಮೊದಲೇ ಚಿಂತಿಸಿ ಮುಗಿಸಿದ್ದರ ಶೇಷ.