ಮೆದೆಯ ಹಿಂಬದಿ

ಕೆಲಮಂಗಲದಿಂದ ಹೊಸೂರಿಗೆ ಹೋಗುವ ರಸ್ತೆಯಲ್ಲಿ ನಂಜಪ್ಪನ ಮುದ್ದೆ ಹೋಟೆಲು ಗೊತ್ತಿಲ್ಲದವರಿಲ್ಲ. ಮುದ್ದೆ, ಹುರುಳಿಕಾಳಿನ ಸಾರು, ಭಾನುವಾರ ಬಂತೆಂದರೆ ನಾಟಿಕೋಳಿ. ಮುದ್ದೆ ಕಟ್ಟುವವಳು ಅವನ ತಮ್ಮನ ಹೆಂಡತಿ ನಾಗವೇಣಿ. ತಮ್ಮ ಮುನಿಕೃಷ್ಣ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುವಾಗ ಲಾರಿಗೆ ಸಿಕ್ಕಿ ಸತ್ತ. ಅವಳಿಗೆ ಉಳಿದದ್ದು ಹೋಟೆಲಿನ ಹಿಂದಿನ ಮನೆ, ಅಂಗೈ ಅಗಲದ ರಾಗಿ ಹೊಲ, ಕೆಂಪಿ ಎಂಬ ಕಡಸು. ಕೆಂಪಿಯ ತಾಯಿ ಈದ ವಾರಕ್ಕೇ ಸತ್ತಿತ್ತು. ನಾಗವೇಣಿಯೇ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದಳು. ಅದು ಈಗ ಚೊಚ್ಚಲ ಗಬ್ಬ. ಕರು ಹಾಕಿದರೆ ಡೈರಿಗೆ ಹಾಲು ಹಾಕಿ ತನ್ನ ಕಾಲ ಮೇಲೆ ತಾನು ನಿಲ್ಲಬಹುದು ಎಂಬುದು ಅವಳ ಆಸೆ.

"ಉಗಾದಿ ಹೊತ್ಗೆ ಗಿಣ್ಣು ಕೊಡ್ತೀನಿ ಬಾವ, ಬೆಲ್ಲ ಮಾತ್ರ ನಿಮ್ದು," ಎಂದು ದಿನಾ ಹೇಳುತ್ತಿದ್ದಳು.

ನಂಜಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಅವನು ಜಾಣ, ಅದೇ ತಾಪತ್ರಯ. ನೀವು ಚಾಪೆ ಕೆಳಗೆ ತೂರಿದರೆ ಅವನು ರಂಗೋಲಿ ಕೆಳಗೆ ತೂರುವ ಆಸಾಮಿ. ಥರ್ಮಾಕೋಲ್ ಡಬ್ಬಿಯಲ್ಲಿ ಊಟ ಕಟ್ಟಬಾರದು ಎಂದು ಸರ್ಕಾರ ಕಾನೂನು ಮಾಡಿ ವರ್ಷಗಳೇ ಆಗಿವೆ. ಅಕ್ಕಪಕ್ಕದ ಹೋಟೆಲಿನವರು ಗೊಣಗಿಕೊಂಡೇ ಬಾಳೆ ಎಲೆಗೋ ರಟ್ಟಿನ ಡಬ್ಬಿಗೋ ಒಗ್ಗಿಕೊಂಡರು. ಇವನು ಮಾತ್ರ ಬಿಡಲಿಲ್ಲ.

"ಎಲೇಲಿ ಸಾರು ನಿಲ್ತದಾ? ಮನೇಯಿಂದ ಕ್ಯಾರಿಯರ್ ತನ್ರಪ್ಪಾ ಅಂದ್ರೆ ಈ ಫ್ಯಾಕ್ಟ್ರಿ ಹುಡುಗ್ರು ಮಕ ನೋಡಿ ನಗ್ತಾರೆ," ಎನ್ನುತ್ತಿದ್ದ.

ಒಮ್ಮೆ ಸಿಕ್ಕಿಬಿದ್ದಿದ್ದ. ದಂಡ ಹಾಕಿದ ಅಧಿಕಾರಿ, ಇನ್ನೊಂದು ಸಲ ಕಂಡರೆ ಹೋಟೆಲಿಗೇ ಸೀಲು ಎಂದು ತಮಿಳಿನಲ್ಲಿ ಮೆತ್ತಗೆ ಹೇಳಿ ಹೋಗಿದ್ದ. ಕೂಗಾಡಿದ್ದರೆ ನಂಜಪ್ಪನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ರಾಗಿ ಒಕ್ಕಣೆ ಮುಗಿದು ನಾಗವೇಣಿಯ ಹಿತ್ತಲಲ್ಲಿ ಹುಲ್ಲಿನ ಮೆದೆ ಎದ್ದ ಹೊಸದರಲ್ಲಿ, ಮತ್ತೆ ತಪಾಸಣೆಗೆ ಬಂದಿದ್ದಾರೆ ಎಂದು ಕೆಲಮಂಗಲದಿಂದ ಫೋನು ಬಂತು. ಗೋಡೌನಿನ ತುಂಬ ಡಬ್ಬಿಯ ಕಟ್ಟುಗಳು. ಎಲ್ಲಿ ಬಚ್ಚಿಡುವುದು? ಅವನ ಕಣ್ಣು ಮೆದೆಯ ಮೇಲೆ ಬಿತ್ತು. ಗಂಡ ಸತ್ತವಳ ಮನೆಯ ಹುಲ್ಲನ್ನು ಯಾವ ಅಧಿಕಾರಿ ಕೆದಕುತ್ತಾನೆ? ನಾಗವೇಣಿ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಇವನು ಮೆದೆಯ ಹಿಂಬದಿ ಗೂಡು ತೋಡಿ, ಕಟ್ಟುಗಳನ್ನು ತುರುಕಿ, ಮೇಲೆ ಹುಲ್ಲು ಮುಚ್ಚಿದ. ನಮ್ಮ ಕಡೆ ಮೆದೆಯನ್ನು ಸಿಕ್ಕಸಿಕ್ಕಲ್ಲಿ ಕೀಳುವುದಿಲ್ಲ. ಒಂದೇ ಕಡೆಯಿಂದ ಕಿತ್ತುಕೊಂಡು ಹೋಗುತ್ತಾರೆ, ಇಲ್ಲದಿದ್ದರೆ ಮಳೆನೀರು ಇಳಿದು ಕೊಳೆಯುತ್ತದೆ. ಅವಳು ಕೀಳುವುದು ಮನೆಯ ಕಡೆಯಿಂದ. ಹಿಂಬದಿಗೆ ಬರುವ ಹೊತ್ತಿಗೆ ಮುಂಗಾರು ಬಂದಿರುತ್ತದೆ, ಅಷ್ಟರೊಳಗೆ ಡಬ್ಬಿ ಖಾಲಿ. ಇದು ಅವನ ಲೆಕ್ಕ.

ಈ ಲೆಕ್ಕದಲ್ಲಿ ಇಲಿಗಳಿರಲಿಲ್ಲ. ತೆನೆಯಲ್ಲಿ ಉಳಿದ ರಾಗಿಕಾಳಿಗೆ ಇಲಿಗಳು ಮೆದೆಯೊಳಗೆ ಸಂಸಾರ ಹೂಡಿ, ಸಿಕ್ಕಿದ್ದನ್ನು ಕಡಿದು ಮೆದೆಯ ತುಂಬ ಎಳೆದಾಡುವುದು ಹಳ್ಳಿಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ನಂಜಪ್ಪನಿಗೂ ಗೊತ್ತಿತ್ತು. ಹೋಟೆಲು ಉಳಿಸಿಕೊಳ್ಳುವ ಆತುರದಲ್ಲಿ ನೆನಪಾಗಲಿಲ್ಲ.

ಶಿವರಾತ್ರಿ ಆದಮೇಲೆ ಒಂದು ಬೆಳಿಗ್ಗೆ ನಾಗವೇಣಿ ಕೇಳಿದಳು. "ಬಾವ, ಹುಲ್ಲಲ್ಲಿ ಎಂತದೋ ಬಿಳೀ ಪುಡಿ, ಚೂರು ಸಿಕ್ತಾವೆ. ಏನದು?"

ಏನದು ಎಂದು ನಂಜಪ್ಪನಿಗೆ ಕೂಡಲೇ ಹೊಳೆಯಿತು. ಆದರೂ ಸಾರು ಬಡಿಸುವ ಕೈ ನಿಲ್ಲಲಿಲ್ಲ. "ರೋಡ್ ಕಡೆಯಿಂದ ಗಾಳಿಗೆ ಬಂದಿರ್ತದೆ ಕಣಮ್ಮ. ಕೊಡವಿ ಹಾಕು."

ಅವಳು ನಂಬಿದಳು. ಬಾವ ಹೇಳಿದ ಮೇಲೆ ನಂಬದೆ ಏನು ಮಾಡುತ್ತಾಳೆ? ಅವತ್ತೇ ಕಟ್ಟುಗಳನ್ನು ಹೊರಗೆಳೆದು ಬಿಸಾಡಬಹುದಿತ್ತು. ನಾಳೆ ನೋಡೋಣ ಅಂದುಕೊಂಡ. ನಾಳೆ ಗಿರಾಕಿ ಜಾಸ್ತಿ ಇದ್ದರು.

ಉಗಾದಿ ಇನ್ನೇನು ಬಂತು ಅನ್ನುವಾಗ ಕೆಂಪಿ ಮೇವು ಬಿಟ್ಟಿತು. ಮೆಲುಕು ನಿಂತಿತು. ಎಡಗಡೆ ಹೊಟ್ಟೆ ತಮಟೆಯಂತೆ ಬಿಗಿಯಿತು. ದನದ ಡಾಕ್ಟರು ಮಾಲಿನಿ ಸ್ಕೂಟರಿನಲ್ಲಿ ಬಂದಳು. ವಯಸ್ಸು ಚಿಕ್ಕದು, ತಮಿಳು ಬೆರೆತ ಕನ್ನಡ, ಕೈ ಮಾತ್ರ ಗಟ್ಟಿ. ಸೂಜಿ ಚುಚ್ಚಿ ಗಾಳಿ ತೆಗೆದಳು, ಔಷಧಿ ಕುಡಿಸಿದಳು. ಮಾರನೆ ದಿನ ಹೊಟ್ಟೆ ಮತ್ತೆ ಉಬ್ಬಿತು.

"ಏನು ತಿಂದಿದೆ ಅಂತ ಸರಿಯಾಗಿ ಹೇಳಿ," ಎಂದಳು ಮಾಲಿನಿ. "ಕವರ್ ಗಿವರ್ ಏನಾದ್ರೂ ಹೊಟ್ಟೆಗೆ ಹೋಗಿದ್ರೆ ಹೇಳಿ. ಹೊಸೂರಿಗೆ ಕರಕೊಂಡು ಹೋಗಿ ಆಪರೇಷನ್ ಮಾಡಿಸಬಹುದು. ತುಂಬಿದ ಹಸು, ಸುಮ್ಮನೆ ಅನುಮಾನಕ್ಕೆ ಕುಯ್ಯೋಕಾಗಲ್ಲ."

"ಅಯ್ಯೋ ಇಲ್ಲಮ್ಮ, ಕಟ್ಟಾಕಿ ಸಾಕಿರೋದು. ಬರೀ ರಾಗಿಹುಲ್ಲು, ಬೂಸ," ಎಂದಳು ನಾಗವೇಣಿ.

ಮಾಲಿನಿ ನಂಜಪ್ಪನ ಕಡೆ ತಿರುಗಿದಳು. "ನಿಮಗೇನಾದ್ರೂ ಗೊತ್ತಾ?"

ಅಲ್ಲಿತ್ತು ನೋಡಿ ಮಾತು, ಅವನ ನಾಲಗೆಯ ತುದಿಯಲ್ಲೇ. ಆದರೆ ಈಕೆ ಸರ್ಕಾರದವಳು, ಆ ಅಧಿಕಾರಿಯೂ ಸರ್ಕಾರದವನು. ಇವಳ ಕಿವಿಗೆ ಬಿದ್ದದ್ದು ಅವನ ಕಿವಿಗೆ ಹೋಗದೆ ಇದ್ದೀತೇ? ದನದ ಆಸ್ಪತ್ರೆಗೂ ಹೋಟೆಲು ತಪಾಸಣೆಗೂ ಏನು ಸಂಬಂಧ ಎಂದು ಅವನ ತಲೆ ಯೋಚಿಸಲೇ ಇಲ್ಲ. ಜೀಪು ಹತ್ತಿ ಬಂದರೂ ಒಂದೇ, ಸ್ಕೂಟರಿನಲ್ಲಿ ಬಂದರೂ ಒಂದೇ. ಹೋಟೆಲಿನ ಬಾಗಿಲಿಗೆ ಸೀಲು ಬಿದ್ದದ್ದು ಕಣ್ಣಿಗೆ ಕಟ್ಟಿತು.

"ನನಗೇನು ಗೊತ್ತು ಡಾಕ್ಟ್ರಮ್ಮ," ಎಂದ.

ಮಾಲಿನಿ ಮತ್ತೆ ಗಾಳಿ ತೆಗೆದು, ಸಂಜೆಯವರೆಗೆ ನೋಡೋಣ ಎಂದು ಹೋದಳು. ನಾಗವೇಣಿ ಮೆದೆಯಿಂದ ಒಂದು ಹಿಡಿ ಹುಲ್ಲು ಕಿತ್ತು, ಕೊಡವಿ ಕೊಡವಿ, ಕೆಂಪಿಯ ಬಾಯಿಗೆ ಹಿಡಿದಳು. "ಎರಡೆಳೆ ತಿನ್ನೇ ನನ್ನವ್ವ, ಹೊಟ್ಟೇಲಿರೋ ಮಗೀಗಾದ್ರೂ ತಿನ್ನೇ." ಕೆಂಪಿ ಅವಳ ಮಾತಿಗಾಗಿಯೋ ಏನೋ ಎರಡೆಳೆ ಜಗಿಯಿತು. ನಂಜಪ್ಪ ನಿಂತು ನೋಡಿದ. ಪಾಪಿ, ಬೇಡ ಅನ್ನಲಿಲ್ಲ.

ಸಂಜೆಗೆ ಕೆಂಪಿ ಕಾಲು ಚಾಚಿತು.

ಗಬ್ಬದ ಹಸುವನ್ನು ಕರುವಿನ ಸಮೇತ ಮಣ್ಣು ಮಾಡಬಾರದು ಎನ್ನುವುದು ಅವರ ಮನೆತನದ ನಡಾವಳಿ. ಕರುವನ್ನು ಹೊರತೆಗೆದು ತಾಯಿಯ ಮಗ್ಗುಲಲ್ಲಿ ಬೇರೆ ಗುಂಡಿ ತೋಡಬೇಕು. ಮಾರನೆ ಬೆಳಿಗ್ಗೆ ನಾಗವೇಣಿ ಕೇಳಿಕೊಂಡಳೆಂದು ಮಾಲಿನಿಯೇ ಬಂದು ಹೊಟ್ಟೆ ಕುಯ್ದಳು. ಗುಂಡಿ ತೋಡಲು ಪಕ್ಕದ ಹೊಲದ ಮುನಿಯಲ್ಲಪ್ಪ ಬಂದಿದ್ದ. ಮೊದಲು ಕರು ಬಂತು. ಹೆಣ್ಣು ಕರು, ಮೈತುಂಬ ಕೂದಲು, ಹಣೆಯ ಮೇಲೆ ಬೊಟ್ಟು. ಆಮೇಲೆ ಮಾಲಿನಿ ಕೈಯನ್ನು ಮೇವಿನ ಚೀಲದೊಳಗೆ ಹಾಕಿ ತೆಗೆದಳು. ಹುಲ್ಲಿನ ಜೊತೆ ಗಂಟುಗಟ್ಟಿದ ಥರ್ಮಾಕೋಲ್ ಚೂರು, ಕಟ್ಟು ಸುತ್ತುವ ಪ್ಲಾಸ್ಟಿಕ್ ಹಾಳೆ. ತೆಗೆದಷ್ಟೂ ಬರುತ್ತಲೇ ಇತ್ತು.

"ಇದೇ ಕೊಂದಿದ್ದು," ಎಂದಳು ಮಾಲಿನಿ. ಕೈ ತೊಳೆದುಕೊಂಡು ಹೋದಳು.

ನಾಗವೇಣಿ ತಲೆ ತಲೆ ಚಚ್ಚಿಕೊಂಡಳು. "ರೋಡಿನ ದರಿದ್ರ ಎಲ್ಲಾ ನನ್ನ ಹುಲ್ಲಿಗೇ ಬಂದು ಬೀಳಬೇಕಾ! ಒಂದು ಟಾರ್ಪಾಲು ಮುಚ್ಚಿದ್ರೆ ಆಗ್ತಿತ್ತು. ನನ್ನ ಕೈಯಾರೆ ಕೊಂದ್ಬುಟ್ಟೆ ಬಾವ, ನನ್ನ ಕೈಯಾರೆ!"

ನಂಜಪ್ಪ ಗುದ್ದಲಿಗೆ ಒರಗಿ ನೆಲ ನೋಡಿದ. ಸಾಯಲಿ ಅತ್ತ, ಅವಳು ಹಾಗೇ ಅಂದುಕೊಂಡಿರಲಿ ಎಂಬ ಯೋಚನೆ ಅವನಿಗೆ ಬಂದದ್ದು ಸುಳ್ಳಲ್ಲ. ಅರಿಶಿನ ಕುಂಕುಮ ಇಟ್ಟು ತಾಯಿಯನ್ನೂ ಮಗಳನ್ನೂ ಮಣ್ಣಿಗೆ ಹಾಕಿದರು.

ಕೈಕಾಲು ತೊಳೆದ ಮೇಲೆ ಮುನಿಯಲ್ಲಪ್ಪ ಸಂಕೋಚದಿಂದ ಕೇಳಿದ. "ತಪ್ಪು ತಿಳೀಬೇಡವ್ವ. ಹುಲ್ಲು ಇನ್ನ ನಿಂಗ್ಯಾಕೆ? ನಮ್ಮನೇಲಿ ಎರಡು ಹಸ ಅವೆ, ಮೇವಿಲ್ಲ. ಚೆನ್ನಾಗಿ ಕೊಡವಿ ಹಾಕ್ತೀನಿ."

"ತಗೊಂಡೋಗಣ್ಣ. ಆ ಮೂಕ ಜೀವಗಳಾದ್ರೂ ತಿನ್ನಲಿ."

ಮುನಿಯಲ್ಲಪ್ಪ ಮೆದೆಗೆ ಕೈ ಹಾಕಿದ.

"ಮುಟ್ಬೇಡ ಕಣ್ಲಾ ಅದ್ನ!"

ಕೂಗಿದ್ದು ತಾನೇ ಎಂದು ನಂಜಪ್ಪನಿಗೆ ತಡವಾಗಿ ತಿಳಿಯಿತು. ಇಬ್ಬರೂ ತಿರುಗಿ ನೋಡಿದರು. ಇನ್ನು ಹಿಂದೆ ಸರಿಯಲು ಜಾಗವಿರಲಿಲ್ಲ. ಅವನು ಮೆದೆಯ ಹಿಂಬದಿಗೆ ಹೋಗಿ ಎರಡೂ ಕೈಯಿಂದ ಹುಲ್ಲು ಕಿತ್ತ. ಇಲಿ ಕಡಿದು ಚಿಂದಿ ಮಾಡಿದ ಕಟ್ಟುಗಳು ಒಂದೊಂದಾಗಿ ಜಾರಿ ಬಿದ್ದವು. ಬಿಳೀ ಪುಡಿ ಗಾಳಿಗೆ ಎದ್ದು ಅವನ ತಲೆ, ಮೀಸೆಗೆಲ್ಲ ಅಂಟಿತು. ಗೋಡೌನಿನಲ್ಲಿ ದಿನಾ ಕಾಣುವ ಡಬ್ಬಿಗಳೇ. ನಾಗವೇಣಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೋಟ್ಲಿಗೆ ಸೀಲ್ ಹಾಕ್ಬುಡ್ತಾರೆ ಅಂತ..." ಎಂದು ನಂಜಪ್ಪ ಶುರು ಮಾಡಿದ.

ಅವಳು ಬೈಯಲಿಲ್ಲ. ಅಳುವುದೂ ನಿಂತಿತ್ತು.

"ಬಚ್ಚಿಟ್ಟಿದ್ದು ಹೋಗ್ಲಿ ಬಾವ," ಎಂದಳು. "ಡಾಕ್ಟ್ರಮ್ಮ ಕೇಳ್ದಾಗ ನೀವು ಇಲ್ಲೇ ನಿಂತಿದ್ರಿ. ಆಮ್ಯಾಕೆ ನಾನು ಅದ್ರ ಬಾಯಿಗೆ ಹುಲ್ಲು ಹಿಡ್ದಾಗ್ಲೂ ನಿಂತಿದ್ರಿ."

ನಾಗವೇಣಿ ಗೂಟಕ್ಕೆ ಕಟ್ಟಿದ್ದ ಕೆಂಪಿಯ ಹಗ್ಗ ಬಿಚ್ಚಿ, ಸುತ್ತಿಕೊಂಡು, ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೋಟೆಲಿನ ಮುಂದೆ ಬೈಕು ನಿಲ್ಲಿಸಿದ ಯಾರೋ ಪಾರ್ಸೆಲ್ ಇದೆಯಾ ಎಂದು ಕೂಗುತ್ತಿದ್ದರು. ಒಲೆ ಹಚ್ಚಿರಲಿಲ್ಲ, ಮುದ್ದೆ ಕಟ್ಟುವವರು ಯಾರೂ ಇರಲಿಲ್ಲ.